ಮುಹೂರ್ತದ ದಿನಕ್ಕೊಂದು ಬೆಲೆ: ಮದುವೆ ಛಾಯಾಗ್ರಾಹಕರ ಮುಂಗಡ ಮತ್ತು ಪಾವತಿ ಕರಾರುಗಳು

ಮದುವೆಯ ಮನೆಯಲ್ಲಿ ಹಣವು ಯಾವ ಕ್ರಮದಲ್ಲಿ ಖರ್ಚಾಗುತ್ತದೆ ಎಂಬುದನ್ನು ಗಮನಿಸಿದರೆ ನಮ್ಮ ಸಣ್ಣ ಸೇವಾ ಉದ್ಯಮಗಳ ಸ್ಥಿತಿಗತಿ ತಾನಾಗಿಯೇ ತಿಳಿಯುತ್ತದೆ. ಕಲ್ಯಾಣ ಮಂಟಪದವರು ದಿನವನ್ನು ಕಾಯ್ದಿರಿಸುವಾಗಲೇ ಬಾಡಿಗೆಯ ಗಣನೀಯ ಭಾಗವನ್ನು ಪಡೆಯುತ್ತಾರೆ. ಬೀಗದ ಕೈ ಕೊಡುವ ಮುನ್ನ ಉಳಿದುದನ್ನೂ ವಿದ್ಯುತ್ತಿನ ಠೇವಣಿಯನ್ನೂ ಕಟ್ಟಿಸಿಕೊಳ್ಳುತ್ತಾರೆ. ಪೂರ್ಣ ಹಣ ಕೊಡದೆ ಚಿನ್ನದಂಗಡಿಯಿಂದ ಒಡವೆ ಹೊರಬರುವುದಿಲ್ಲ. ಜವಳಿಯೂ ಅಷ್ಟೆ. ಅಡುಗೆಯವರು ದಿನಸಿಗೆಂದು ಮೊದಲೇ ಒಂದು ಕಂತು ಪಡೆದು, ಬಡಿಸಿ ಮುಗಿಸಿದ ದಿನವೇ ಉಳಿದುದನ್ನು ಎಣಿಸಿಕೊಂಡು ಪಾತ್ರೆ ಕಟ್ಟುತ್ತಾರೆ. ವಾಲಗದವರು ಸಂಭಾವನೆ ಪಡೆದೇ ಹೊರಡುತ್ತಾರೆ. ಕಟ್ಟಕಡೆಗೆ ಉಳಿಯುವವನು ಛಾಯಾಗ್ರಾಹಕ. ಅವನಿಗೆ ಸಿಗುವುದು, "ಆಲ್ಬಮ್ ತನ್ನಿ ಸಾರ್, ಒಟ್ಟಿಗೆ ಸೆಟ್ಲ್ ಮಾಡೋಣ" ಎಂಬ ಮಾತು.

ಈ ಮಾತಿನಲ್ಲಿ ಸಾಮಾನ್ಯವಾಗಿ ಕಪಟವಿರುವುದಿಲ್ಲ. ಮದುವೆ ಮುಗಿದ ಮನೆಯಲ್ಲಿ ಹಣವಿರುವುದಿಲ್ಲ, ಅಷ್ಟೆ. ಕೈಸಾಲ, ಚೀಟಿ ಹಣ, ಚಿನ್ನದ ಮೇಲಿನ ಸಾಲ ಎಲ್ಲವೂ ಮುಹೂರ್ತಕ್ಕೆ ಮುಂಚೆಯೇ ತೀರಿರುತ್ತವೆ. ಆದುದರಿಂದ ಛಾಯಾಗ್ರಾಹಕರ ಬಾಕಿಯ ಸಮಸ್ಯೆಯನ್ನು ಗ್ರಾಹಕರ ಪ್ರಾಮಾಣಿಕತೆಯ ಪ್ರಶ್ನೆಯೆಂದು ಭಾವಿಸುವುದು ಸರಿಯಲ್ಲ. ಯಾವ ಹಣವನ್ನು ಯಾವಾಗ ಕೇಳಬೇಕು ಎಂಬುದನ್ನು ನಾವು ಛಾಯಾಗ್ರಾಹಕರೇ ಸರಿಯಾಗಿ ನಿಗದಿಪಡಿಸಿಕೊಂಡಿಲ್ಲ ಎಂಬುದು, ಎರಡು ದಶಕಗಳಿಗೂ ಮೀರಿ ಈ ವೃತ್ತಿಯಲ್ಲಿ ಸ್ಟುಡಿಯೊ ನಡೆಸಿಕೊಂಡು ಬಂದಿರುವ ನನ್ನ ಸ್ಪಷ್ಟ ಅಭಿಪ್ರಾಯ.

ಈಗಿನ ಪದ್ಧತಿ ಬಂದುದು ಫಿಲಂ ಕಾಲದಿಂದ. ಆಗ ಮದುವೆಯ ಒಪ್ಪಂದವು ರೋಲಿನ ಲೆಕ್ಕದಲ್ಲಿ ಆಗುತ್ತಿತ್ತು. 36 ಚಿತ್ರಗಳ ರೋಲು ಇಷ್ಟು, ಪ್ರಿಂಟಿಗೆ ಇಷ್ಟು ಎಂದು ಮಾತು. ಮುಂಗಡವೆಂದರೆ ರೋಲು ತರುವ ಹಣ. ಒಬ್ಬ ಛಾಯಾಗ್ರಾಹಕ, ಲೈಟು ಹಿಡಿಯುವ ಒಬ್ಬ ಹುಡುಗ. ಮದುವೆಯ ದಿನದ ಖರ್ಚು ಅಲ್ಪವಾಗಿತ್ತು. ಖರ್ಚಿನ ದೊಡ್ಡ ಪಾಲು ರೋಲು ತೊಳೆಸಿ, ಪ್ರಿಂಟು ಹಾಕಿಸಿ, ಆಲ್ಬಮ್ಮಿಗೆ ಅಂಟಿಸುವಾಗ, ಅರ್ಥಾತ್ ಮದುವೆಯ ನಂತರ ಬರುತ್ತಿತ್ತು. ಹಣವೂ ನಂತರವೇ ಬಂದರೆ ಬಾಧೆಯಿರಲಿಲ್ಲ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಗ್ರಾಹಕನ ಕಣ್ಣಿಗೆ ಕಾಣುತ್ತಿದ್ದ ರೋಲು ಮಾಯವಾಯಿತು. ಗುಂಡಿ ಒತ್ತುವುದಕ್ಕೆ ಏನು ಖರ್ಚು ಎಂಬ ಭಾವನೆ ಬೆಳೆಯಿತು. ವಸ್ತುಸ್ಥಿತಿ ಬೇರೆಯೇ ಇದೆ. ಈಗ ಒಂದು ಮದುವೆಗೆ ಸಾಂಪ್ರದಾಯಿಕ ಚಿತ್ರಗಳಿಗೊಬ್ಬರು, ಕ್ಯಾಂಡಿಡ್‌ಗೊಬ್ಬರು, ವಿಡಿಯೊಗೆ ಇಬ್ಬರು, ಡ್ರೋನಿಗೊಬ್ಬರು ಬೇಕು. ಇವರಲ್ಲಿ ಬಹುಪಾಲು ಜನ ದಿನದ ಲೆಕ್ಕಕ್ಕೆ ಬರುವವರು. ಅವರ ಕೂಲಿಯನ್ನು ಅದೇ ದಿನ ಅಥವಾ ಅದೇ ವಾರ ಕೊಡಲೇಬೇಕು. ಖರ್ಚು ಮುಹೂರ್ತದ ದಿನಕ್ಕೆ ಬಂದು ನಿಂತಿದೆ, ಪಾವತಿಯ ಪದ್ಧತಿ ಮಾತ್ರ ರೋಲಿನ ಕಾಲದಲ್ಲೇ ಉಳಿದಿದೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಹಿಂದಿನ ಸಂಜೆಯ ಆರತಕ್ಷತೆ ಮತ್ತು ಮರುದಿನದ ಮುಹೂರ್ತ ಸೇರಿ ಒಟ್ಟು 1,50,000 ರೂಪಾಯಿಗೆ ಕೆಲಸ ಒಪ್ಪಿದ್ದೇವೆಂದು ಇಟ್ಟುಕೊಳ್ಳಿ. ಹೊರಗಿನಿಂದ ಕರೆಸಿದವರ ಕೂಲಿ 45,000. ಪ್ರಯಾಣ ಇತ್ಯಾದಿ 5,000. ಚಿತ್ರ ಮತ್ತು ವಿಡಿಯೊ ಸಂಕಲನಕ್ಕೆ 20,000. ಲ್ಯಾಬಿನಲ್ಲಿ ಆಲ್ಬಮ್ ಮುದ್ರಣಕ್ಕೆ 25,000. ಹೊರಹೋಗುವ ಹಣ ಒಟ್ಟು 95,000. ಉಳಿಯುವ 55,000ದಲ್ಲಿ ಕ್ಯಾಮೆರಾ ಸಾಲದ ಕಂತು, ಅಂಗಡಿ ಬಾಡಿಗೆ ಮತ್ತು ತನ್ನ ಸ್ವಂತ ದುಡಿಮೆಯ ಪ್ರತಿಫಲ ಎಲ್ಲವೂ ಹುಟ್ಟಬೇಕು.

ರೂಢಿಯಂತೆ 10,000 ಮುಂಗಡ ಪಡೆದು, ಮದುವೆಯ ದಿನ 40,000 ಪಡೆದರೆ, ಅಂದು ರಾತ್ರಿಯ ಹೊತ್ತಿಗೆ ಬಂದ 50,000ವೂ ಕೂಲಿ ಮತ್ತು ಪ್ರಯಾಣಕ್ಕೆ ಸಂದಿರುತ್ತದೆ. ಛಾಯಾಗ್ರಾಹಕನ ಕೈಯಲ್ಲಿ ಸೊನ್ನೆ. ಇನ್ನೂ 45,000 ಕೈಯಿಂದ ಹಾಕಿ ಆಲ್ಬಮ್ ಸಿದ್ಧಪಡಿಸಿದ ಮೇಲೆ 1,00,000 ರೂಪಾಯಿಗಾಗಿ ಬಾಗಿಲು ತಟ್ಟಬೇಕು. ಅಂದರೆ ಒಟ್ಟು ಮೊತ್ತದ ಮೂರನೆಯ ಎರಡು ಭಾಗವನ್ನು, ಬಡ್ಡಿಯಿಲ್ಲದೆ, ಯಾವ ಭದ್ರತೆಯೂ ಇಲ್ಲದೆ, ಮದುವೆ ಮನೆಗೆ ಸಾಲ ಕೊಟ್ಟಂತಾಯಿತು. ಒಂದು ಹಂಗಾಮಿನಲ್ಲಿ ಇಂತಹ ಹತ್ತು ಮದುವೆಗಳಾದರೆ ಹೊರಗೆ ನಿಂತಿರುವ ಹಣವೆಷ್ಟು ಎಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು. ಲೆಕ್ಕದ ಪುಸ್ತಕದಲ್ಲಿ ಲಾಭವಿದ್ದರೂ ಕ್ಯಾಮೆರಾದ ಕಂತು ತಪ್ಪುವುದು ಹೀಗೆ.

ದಿನವೂ ಒಂದು ಸರಕು

ಎರಡನೆಯ ವಿಷಯ ಇನ್ನೂ ಮುಖ್ಯವಾದುದು. ಛಾಯಾಗ್ರಾಹಕನು ಮಾರುವ ಮೊದಲ ಸರಕು ಚಿತ್ರವಲ್ಲ, ದಿನ. ನಮ್ಮಲ್ಲಿ ಮದುವೆಗಳು ವರ್ಷದುದ್ದಕ್ಕೂ ಹರಡಿಕೊಂಡಿಲ್ಲ. ಆಷಾಢದಲ್ಲಿ ಬಹುತೇಕ ಮನೆಗಳಲ್ಲಿ ಮದುವೆಯಿಲ್ಲ, ಧನುರ್ಮಾಸದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಗುರು ಶುಕ್ರರ ಅಸ್ತ ಕಾಲದಲ್ಲಿಯೂ ಅನೇಕರು ಮುಹೂರ್ತ ಇಡುವುದಿಲ್ಲ. ಅಧಿಕ ಮಾಸ ಬಂದರಂತೂ ಹೇಳುವುದೇ ಬೇಡ. 2026ರ ಅಧಿಕ ಜ್ಯೇಷ್ಠವನ್ನೇ ನೋಡಿ: ಮೇ 17ರಿಂದ ಜೂನ್ 15ರವರೆಗೆ, ಶಾಲೆಗಳ ರಜೆ ಮುಗಿಯುವ ಮುನ್ನ ಮದುವೆಗಳು ದಟ್ಟವಾಗಿ ನಡೆಯುವ ಕಾಲಕ್ಕೇ ಅದು ಬಂದು ಕೂರುತ್ತದೆ. ಉಳಿದ ಕೆಲವೇ ಒಳ್ಳೆಯ ದಿನಗಳಲ್ಲಿ ಊರಿನ ಎಲ್ಲ ಮಂಟಪಗಳಲ್ಲೂ ಒಟ್ಟಿಗೆ ಓಲಗ ಊದುತ್ತದೆ. ಆ ಒಂದು ದಿನಕ್ಕೆ ನಾಲ್ವರು ಬಂದು ಕೇಳುತ್ತಾರೆ. ಛಾಯಾಗ್ರಾಹಕ ಒಬ್ಬರಿಗೆ ಹೂಂ ಎಂದು, ಮೂವರಿಗೆ ಇಲ್ಲವೆನ್ನುತ್ತಾನೆ. ಆ ಇಲ್ಲವೆನ್ನುವುದಕ್ಕೆ ಬೆಲೆಯಿದೆ.

ಹೂವಿನ ವ್ಯಾಪಾರಿಯ ಮಲ್ಲಿಗೆ ಸಂಜೆಗೆ ಬಾಡುವಂತೆ, ಮುಹೂರ್ತದ ದಿನವೂ ಮಾರಾಟವಾಗದೆ ಕಳೆದರೆ ಮತ್ತೆ ಸಿಗದು. ಮದುವೆಗೆ ನಾಲ್ಕು ತಿಂಗಳಿರುವಾಗ ರದ್ದಾದರೆ ಆ ದಿನಕ್ಕೆ ಬೇರೆ ಗಿರಾಕಿ ಸಿಗುವ ಸಂಭವವುಂಟು. ಹದಿನೈದು ದಿನವಿರುವಾಗ ರದ್ದಾದರೆ ಪ್ರಾಯಶಃ ಇಲ್ಲ. ಆದುದರಿಂದ ಮುಂಗಡವೆಂಬುದು "ಕೈ ಸಂತೋಷಕ್ಕೆ" ಕೊಡುವ ಐದೋ ಹತ್ತೋ ಸಾವಿರವಾಗಿರಕೂಡದು; ದಿನವನ್ನು ಕಾಯ್ದಿರಿಸಿದುದರ ಬೆಲೆಯನ್ನು ಅದು ಪ್ರತಿನಿಧಿಸಬೇಕು. ಒಟ್ಟು ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ಅದನ್ನು ನಿಗದಿಪಡಿಸುವುದೇ ಯೋಗ್ಯ. ಲಕ್ಷದ ಕೆಲಸಕ್ಕೂ ಮೂರು ಲಕ್ಷದ ಕೆಲಸಕ್ಕೂ ಒಂದೇ ಹತ್ತು ಸಾವಿರ ಎಂಬುದರಲ್ಲಿ ಯಾವ ತರ್ಕವೂ ಕಾಣದು.

ನನ್ನ ಸಲಹೆ ಇದು: ದಿನ ಕಾಯ್ದಿರಿಸುವಾಗ ಶೇ. 30, ಮದುವೆಗೆ ಏಳು ದಿನ ಮೊದಲು ಶೇ. 50, ಆಲ್ಬಮ್ ಮುದ್ರಣಕ್ಕೆ ಹೋಗುವ ಮುನ್ನ ಶೇ. 20. ಮೇಲಿನ ಉದಾಹರಣೆಯಲ್ಲಿ ಇದು 45,000, 75,000 ಮತ್ತು 30,000 ಆಗುತ್ತದೆ. ಮದುವೆಯ ರಾತ್ರಿಯ ಹೊತ್ತಿಗೆ 1,20,000 ಬಂದಿರುತ್ತದೆ, 50,000 ಖರ್ಚಾಗಿರುತ್ತದೆ. ಉಳಿದ ಬಾಕಿ 30,000, ಆಲ್ಬಮ್ ಮುದ್ರಣದ ವೆಚ್ಚ 25,000, ಹೆಚ್ಚುಕಡಿಮೆ ಸಮ. ಮದುವೆಯ ನಂತರ ಹೊರಗೆ ನಿಲ್ಲುವ ಹಣ ಆಲ್ಬಮ್ಮಿನ ಖರ್ಚನ್ನು ಬಹಳವಾಗಿ ಮೀರಬಾರದು ಎಂಬ ಒಂದೇ ಸೂತ್ರದ ಮೇಲೆ ಈ ವಿಂಗಡಣೆ ನಿಂತಿದೆ. ಶೇಕಡಾವಾರನ್ನು ಅವರವರ ಖರ್ಚಿನ ರೀತಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಎರಡನೆಯ ಕಂತನ್ನು ಮದುವೆಯ ದಿನವೇ ಕೇಳಬಾರದೇ ಎಂದು ಕೆಲವರು ಕೇಳಬಹುದು. ಕೇಳಬಾರದು. ಧಾರೆಯ ಹೊತ್ತಿಗೆ ಹೆಣ್ಣಿನ ತಂದೆಯನ್ನು ಮಂಟಪದ ಮೂಲೆಗೆ ಕರೆದು ಹಣದ ಮಾತಾಡುವುದು ಅವರಿಗೂ ನಮಗೂ ಶೋಭೆಯಲ್ಲ. ಅಂದು ಜೇಬಿನಲ್ಲಿರುವ ಹಣಕ್ಕೆ ಹತ್ತು ಜನ ಕೈ ಚಾಚಿರುತ್ತಾರೆ; ಮುಯ್ಯಿ ಕವರುಗಳನ್ನು ಒಡೆದು ಎಣಿಸಿ ಕೊಡುವ ಪ್ರಸಂಗವೂ ಉಂಟು. ಏಳು ದಿನ ಮೊದಲಾದರೆ ಬ್ಯಾಂಕಿನ ಮೂಲಕ ನೆಮ್ಮದಿಯಿಂದ ಪಾವತಿಯಾಗುತ್ತದೆ.

ಇತ್ತೀಚೆಗೆ ಬೆಂಗಳೂರಿನ ಕೆಲವು ದೊಡ್ಡ ತಂಡಗಳು ಮದುವೆಗೆ ಮುನ್ನವೇ ಪೂರ್ಣ ಹಣ ಪಡೆಯುವ ಪದ್ಧತಿಯನ್ನು ಅನುಸರಿಸುತ್ತಿವೆ. ಅವರ ಹೆಸರಿಗೆ ಅದು ನಡೆಯಬಹುದು. ಜಿಲ್ಲಾ ಕೇಂದ್ರದ ಸ್ಟುಡಿಯೊಗಳು ಅದನ್ನು ಅನುಕರಿಸುವುದು ನನಗೆ ಸಮ್ಮತವಿಲ್ಲ. ಹಣ ಪೂರ್ತಿ ಬಂದ ಮೇಲೆ ಆಲ್ಬಮ್ ತಡವಾಗುವುದು ಈ ವೃತ್ತಿಯ ಬಹುದೊಡ್ಡ ದೂರು. ಗ್ರಾಹಕನ ಕೈಯಲ್ಲೂ ಒಂದು ಹಿಡಿತ ಇರಲಿ. ಕೊನೆಯ ಶೇ. 20 ಆ ಹಿಡಿತ.

ಆಲ್ಬಮ್ಮಿನ ಗಂಟು

ಕೊನೆಯ ಕಂತಿನ ವಿಷಯದಲ್ಲಿ ಒಂದು ವಿಚಿತ್ರ ತೊಡಕಿದೆ. ಆಲ್ಬಮ್ಮಿಗೆ ಚಿತ್ರಗಳನ್ನು ಆರಿಸಿಕೊಡಬೇಕಾದವರು ಮದುಮಕ್ಕಳು. ಮೂರು ಸಾವಿರ ಚಿತ್ರಗಳಿರುವ ಪೆನ್‌ಡ್ರೈವ್ ಮನೆ ಸೇರಿದ ಮೇಲೆ ಆರಿಸುವ ಕೆಲಸ ನಾಳೆ ನಾಳೆ ಎಂದು ಮುಂದೆ ಹೋಗುತ್ತದೆ. ಮದುಮಗಳು ಬೇರೆ ಊರಿಗೆ, ಮದುಮಗ ವಿದೇಶಕ್ಕೆ. ಸೀಮಂತದ ಚಿತ್ರ ತೆಗೆಯಲು ಕರೆ ಬಂದಾಗಲೂ ಮದುವೆಯ ಆಲ್ಬಮ್ ಆಗಿರದ ಮನೆಗಳನ್ನು ನಾನು ಕಂಡಿದ್ದೇನೆ. ಆಲ್ಬಮ್ ಕೊಟ್ಟ ಮೇಲೆ ಬಾಕಿ ಎಂಬ ಕರಾರಿದ್ದಲ್ಲಿ, ಬಾಕಿಯ ದಿನಾಂಕವನ್ನು ನಿಗದಿಪಡಿಸುವವರು ಯಾರು? ಬಾಕಿ ಕೊಡಬೇಕಾದವರೇ. ಇಂತಹ ಕರಾರನ್ನು ಬೇರೆ ಯಾವ ವ್ಯಾಪಾರದವರೂ ಒಪ್ಪಲಾರರು.

ಇದಕ್ಕೆ ಪರಿಹಾರ ಸರಳ. ಕೊನೆಯ ಕಂತನ್ನು ಒಂದು ಕ್ರಿಯೆಗೆ ಮಾತ್ರವಲ್ಲದೆ ಒಂದು ದಿನಾಂಕಕ್ಕೂ ಕಟ್ಟಬೇಕು: ಆಲ್ಬಮ್ಮಿನ ವಿನ್ಯಾಸ ಒಪ್ಪಿಗೆಯಾದಾಗ, ಅಥವಾ ಚಿತ್ರಗಳನ್ನು ಒಪ್ಪಿಸಿದ 60 ದಿನಗಳೊಳಗೆ, ಯಾವುದು ಮೊದಲೋ ಆಗ. 60 ದಿನಗಳಲ್ಲಿ ಆಯ್ಕೆ ಬಾರದಿದ್ದರೆ ಛಾಯಾಗ್ರಾಹಕನೇ ಆರಿಸಿ ವಿನ್ಯಾಸ ಮಾಡಬಹುದೆಂದು, ಒಂದು ವರ್ಷ ಮೀರಿದರೆ ಮುದ್ರಣದ ಅಂದಿನ ದರ ಅನ್ವಯಿಸುತ್ತದೆಂದು ಬರೆದಿರಬೇಕು. ಹಾಗೆಯೇ ಒಪ್ಪಿಗೆ ಬಂದ ಎಷ್ಟು ದಿನಗಳಲ್ಲಿ ಆಲ್ಬಮ್ ಕೈಗೆ ಬರುತ್ತದೆ ಎಂಬುದನ್ನೂ ಬರೆಯತಕ್ಕದ್ದು. ಗ್ರಾಹಕನಿಗೆ ಗಡುವು ವಿಧಿಸಿ ತನಗೆ ವಿಧಿಸಿಕೊಳ್ಳದವನ ಕರಾರಿಗೆ ಬೆಲೆಯಿಲ್ಲ.

ಬಾಕಿ ಬರುವವರೆಗೆ ಚಿತ್ರಗಳನ್ನೇ ತಡೆಹಿಡಿದರಾಯಿತು ಎನ್ನುವವರು ಒಂದು ಸಂಗತಿಯನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಸ್ವಾಮ್ಯ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರದೇ ಆಗಿರುತ್ತದೆ. ಕ್ಯಾಮೆರಾ ನಮ್ಮದು, ಕಣ್ಣು ನಮ್ಮದು, ಆದರೆ ಹಕ್ಕು ಅವರದು. ಮದುಮಕ್ಕಳ ಚಿತ್ರವನ್ನು ಅಂಗಡಿಯ ಫಲಕಕ್ಕೋ ಇನ್‌ಸ್ಟಾಗ್ರಾಮಿಗೋ ಬಳಸುವುದಕ್ಕೂ ಲಿಖಿತ ಒಪ್ಪಿಗೆ ಬೇಕಾಗುವುದು ಇದೇ ಕಾರಣದಿಂದ. ಚಿತ್ರವನ್ನು ಒತ್ತೆಯಾಗಿ ಇಟ್ಟುಕೊಳ್ಳುವ ವಸೂಲಿಯು ಕಾನೂನಿನ ಮುಂದೆ ದುರ್ಬಲ. ಊರಿನ ಜನರ ಮುಂದೆ ಇನ್ನೂ ದುರ್ಬಲ.

ಸಂಚಕಾರ ಮತ್ತು ಕಾನೂನು

ಮದುವೆ ಮುರಿದರೆ ಮುಂಗಡದ ಗತಿಯೇನು? ಬಿಲ್ಲಿನ ಕೆಳಗೆ "ಮುಂಗಡ ಹಣವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ" ಎಂದು ಮುದ್ರಿಸಿದರೆ ಮುಗಿಯಿತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಷ್ಟು ಸುಲಭವಲ್ಲ.

ಕನ್ನಡದಲ್ಲಿ ಸಂಚಕಾರ ಎಂಬ ಹಳೆಯ ಪದವೊಂದಿದೆ. ವ್ಯಾಪಾರ ಕುದುರಿದುದರ ಗುರುತಾಗಿ ಕೊಡುವ ಹಣಕ್ಕೆ ಆ ಹೆಸರು. ಇಂದು ಪತ್ರಿಕೆಗಳಲ್ಲಿ ಅಪಾಯ ಎಂಬ ಅರ್ಥದಲ್ಲಿ ಮಾತ್ರ ಅದು ಉಳಿದಿರುವುದು ಸೋಜಿಗ. ಸಂಚಕಾರ ಬೇರೆ, ಬೆಲೆಯ ಭಾಗವಾಗಿ ಕೊಡುವ ಮುಂಗಡ ಬೇರೆ, ಭದ್ರತೆಗಾಗಿ ಇಡುವ ಠೇವಣಿ ಬೇರೆ. ಕಾನೂನು ಈ ಭೇದವನ್ನು ಗಂಭೀರವಾಗಿ ಎಣಿಸುತ್ತದೆ. ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸುವ ಕರಾರುಗಳಲ್ಲಿ ಸರ್ಕಾರವು ಗುತ್ತಿಗೆದಾರನ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡ ಪ್ರಕರಣದಲ್ಲಿ, 1969ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಸಂಚಕಾರವಲ್ಲವೆಂದೂ, ನಷ್ಟವನ್ನು ತೋರಿಸದೆ ಅದನ್ನು ಉಳಿಸಿಕೊಳ್ಳುವಂತಿಲ್ಲವೆಂದೂ ತೀರ್ಮಾನಿಸಿತು. ಸ್ಥಿರಾಸ್ತಿಯ ಮಾರಾಟಕ್ಕೆ ಸಂಬಂಧಿಸಿದ 2012ರ ಇನ್ನೊಂದು ತೀರ್ಪಿನಲ್ಲಿ, ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾದರೆ ಅದು ಸಂಚಕಾರದ ರೂಪದ್ದೆಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕೆಂದು ಅದೇ ನ್ಯಾಯಾಲಯ ಹೇಳಿತು. 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮು, ಕರಾರಿನಲ್ಲಿ ದಂಡದ ಮೊತ್ತ ಎಷ್ಟೇ ಬರೆದಿದ್ದರೂ ಆ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ ಸಲ್ಲುತ್ತದೆ ಎನ್ನುತ್ತದೆ. ಮದುವೆ ಮನೆಯವರು ಗ್ರಾಹಕರೂ ಹೌದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಿಪರೀತ ಮೊತ್ತದ ಭದ್ರತಾ ಠೇವಣಿಯನ್ನೂ, ಆದ ನಷ್ಟಕ್ಕೆ ಯಾವ ತಾಳಮೇಳವೂ ಇಲ್ಲದ ದಂಡವನ್ನೂ ಅನುಚಿತ ಕರಾರಿನ ಲಕ್ಷಣಗಳೆಂದು ಹೆಸರಿಸಿದೆ.

ಇದರಿಂದ ತಿಳಿಯುವುದೇನೆಂದರೆ, ಉಳಿಸಿಕೊಳ್ಳುವ ಹಣವು ನಷ್ಟವನ್ನು ಹೋಲುವಂತಿರಬೇಕು. ಮೇಲೆ ಹೇಳಿದಂತೆ ನಮ್ಮ ನಷ್ಟವು ದಿನ ಸಮೀಪಿಸಿದಂತೆ ಹೆಚ್ಚುತ್ತದೆ. ಹಾಗಾದರೆ ಕರಾರೂ ಅದನ್ನೇ ಹೇಳಲಿ. ಮದುವೆಗೆ ನಾಲ್ಕು ತಿಂಗಳಿಗೂ ಮೊದಲು ರದ್ದಾದರೆ ಮೊದಲ ಕಂತಿನ ಮೂರನೆಯ ಎರಡು ಭಾಗ ವಾಪಸು. ಎರಡರಿಂದ ನಾಲ್ಕು ತಿಂಗಳೊಳಗಾದರೆ ಅರ್ಧ. ಎರಡು ತಿಂಗಳಿಗಿಂತ ಕಡಿಮೆಯಿದ್ದರೆ ಮೊದಲ ಕಂತು ವಾಪಸಿಲ್ಲ. ಅದೇ ದಿನಕ್ಕೆ ಬೇರೆ ಮದುವೆ ಒದಗಿದರೆ, ಸಣ್ಣ ನಿರ್ವಹಣಾ ವೆಚ್ಚವನ್ನು ಮಾತ್ರ ಕಳೆದು ಉಳಿದುದನ್ನು ಹಿಂತಿರುಗಿಸತಕ್ಕದ್ದು. ಒಂದೇ ದಿನಕ್ಕೆ ಎರಡು ಮನೆಯ ಹಣ ಉಣ್ಣುವುದು ನ್ಯಾಯವಲ್ಲ, ನಷ್ಟವೇ ಆಗದ ಮೇಲೆ ಅದನ್ನು ನ್ಯಾಯಾಲಯದಲ್ಲಿ ಸಮರ್ಥಿಸಿಕೊಳ್ಳುವುದೂ ಕಷ್ಟ.

ರದ್ದತಿಗಿಂತ ಮುಂದೂಡಿಕೆಯೇ ಹೆಚ್ಚು. ಮನೆಯಲ್ಲಿ ಸಾವು ಸಂಭವಿಸಿ ಸೂತಕ ಬಂದಿತು, ಮಂಟಪ ದೊರೆಯಲಿಲ್ಲ, ಹುಡುಗನಿಗೆ ರಜೆ ಸಿಗಲಿಲ್ಲ. ಇಂತಹ ಸಂದರ್ಭದಲ್ಲಿ ಹೊಸ ದಿನ ನಮ್ಮಲ್ಲಿ ಖಾಲಿಯಿದ್ದರೆ ಮುಂಗಡವನ್ನು ಒಂದು ಸಲ, ಒಂದು ವರ್ಷದೊಳಗೆ, ಯಾವ ಕಡಿತವೂ ಇಲ್ಲದೆ ವರ್ಗಾಯಿಸಬೇಕು. ಹೊಸ ದಿನ ಖಾಲಿಯಿಲ್ಲದಿದ್ದರೆ ರದ್ದತಿಯ ಲೆಕ್ಕ. ಸಾವಿನ ಮನೆಯಲ್ಲಿ ಹಣದ ವಾದ ಹೂಡದಿರುವುದು ಲೇಸು. ಅದಕ್ಕಾಗಿಯೇ ಮೊದಲು ಬರೆದಿಡಬೇಕಾದುದು.

ಇನ್ನು ಛಾಯಾಗ್ರಾಹಕನೇ ಬಾರದಿದ್ದರೆ? ಈ ಪ್ರಶ್ನೆಗೆ ನಮ್ಮ ಆದೇಶ ಪುಸ್ತಕಗಳಲ್ಲಿ ಉತ್ತರವೇ ಇರುವುದಿಲ್ಲ. ಕರಾರು ಕಾಯ್ದೆಯ 65ನೆಯ ಕಲಮಿನ ಕೆಳಗೆ ಒಂದು ದೃಷ್ಟಾಂತವಿದೆ: ಸಾವಿರ ರೂಪಾಯಿ ಮುಂಗಡ ಪಡೆದು ಕಛೇರಿಯಲ್ಲಿ ಹಾಡಲು ಒಪ್ಪಿದ ಗಾಯಕನೊಬ್ಬ ಕಾಯಿಲೆಯಿಂದ ಹಾಡಲಾಗದಿದ್ದರೆ, ಏರ್ಪಡಿಸಿದವನಿಗೆ ಬರಬಹುದಾಗಿದ್ದ ಲಾಭವನ್ನು ತುಂಬಿಕೊಡಬೇಕಾಗಿಲ್ಲ, ಆದರೆ ಪಡೆದ ಸಾವಿರವನ್ನು ಹಿಂತಿರುಗಿಸಲೇಬೇಕು. ಒಂದೂವರೆ ಶತಮಾನದ ಹಿಂದಿನ ಆ ಗಾಯಕನ ಜಾಗದಲ್ಲಿ ಕ್ಯಾಮೆರಾ ಹಿಡಿದವನನ್ನು ನಿಲ್ಲಿಸಿ ನೋಡಿದರೆ ಸಾಕು. ಕಾಯಿಲೆಯಾದರೆ ಸಮಾನ ಅನುಭವವುಳ್ಳ ಇನ್ನೊಬ್ಬರನ್ನು ಕಳುಹಿಸುವುದು, ಅದು ಗ್ರಾಹಕರಿಗೆ ಒಪ್ಪಿಗೆಯಾಗದಿದ್ದರೆ ಪೂರ್ಣ ಹಣ ವಾಪಸು. ಹೆಚ್ಚು ಹಣದ ಮದುವೆ ಸಿಕ್ಕಿತೆಂದು ಒಪ್ಪಿದ ಮದುವೆಯನ್ನು ಬಿಟ್ಟರೆ ಪೂರ್ಣ ಹಣದ ಜೊತೆಗೆ ಪರಿಹಾರವನ್ನೂ ಕೊಡುವ ಕರಾರು ಇರತಕ್ಕದ್ದು. ಈ ಎರಡನೆಯ ಮಾತನ್ನು ಕೇಳಿ ನನ್ನ ಕೆಲವು ಸಮಾನ ವೃತ್ತಿಯವರು ಮುಖ ಸಿಂಡರಿಸಬಹುದು.

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಆ ಬೇಸಗೆಯ ಮುಹೂರ್ತಗಳೆಲ್ಲ ಒಂದೇ ಏಟಿಗೆ ಬಿದ್ದುಹೋದವು. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಮತ್ತೆ ಅದೇ ಸ್ಥಿತಿ. ಕಾನೂನುಬದ್ಧವಾಗಿ ನಡೆಸಲು ಸಾಧ್ಯವೇ ಇಲ್ಲದ ಕರಾರು ಕಾಯ್ದೆಯ 56ನೆಯ ಕಲಮಿನಂತೆ ಶೂನ್ಯವಾಗುತ್ತದೆ, ಆಗ ಪಡೆದುದನ್ನು ಹಿಂತಿರುಗಿಸುವುದು ಧರ್ಮ. ಆದರೆ ಮಂಟಪದ ಮದುವೆ ಮನೆಯಂಗಳಕ್ಕೆ ಬಂದು, ಐವತ್ತೇ ಜನರ ನಡುವೆ ನಡೆದಾಗ ಕರಾರು ಶೂನ್ಯವಾಯಿತೇ, ಬರೀ ಚಿಕ್ಕದಾಯಿತೇ? ಆ ಎರಡು ಬೇಸಗೆಗಳ ವಾಗ್ವಾದಗಳು ನಡೆದುದು ಬಹುಮಟ್ಟಿಗೆ ಇದರ ಸುತ್ತಲೇ. ಸರ್ಕಾರದ ನಿರ್ಬಂಧದಿಂದ ಸಮಾರಂಭದ ಗಾತ್ರ ಕುಗ್ಗಿದರೆ ಯಾವ ಯಾವ ಸೇವೆ ಉಳಿಯುತ್ತದೆ, ದರ ಎಷ್ಟು ಇಳಿಯುತ್ತದೆ ಎಂಬ ಒಂದು ವಾಕ್ಯ ಕರಾರಿನಲ್ಲಿದ್ದರೆ ಸಾಕು.

ತೆರಿಗೆಯ ಕಡೆಯಿಂದ

ಮುಂಗಡ ಹೆಚ್ಚಿಸಿದಂತೆ ತೆರಿಗೆಯ ಜವಾಬ್ದಾರಿಯೂ ಮುಂಚಿತವಾಗಿ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಸರಕು ಮಾರುವವರಿಗೆ ಮುಂಗಡದ ಮೇಲಿನ ಜಿ.ಎಸ್.ಟಿ.ಯಿಂದ 2017ರಲ್ಲಿ ವಿನಾಯಿತಿ ದೊರೆಯಿತು. ಸೇವೆ ನೀಡುವವರಿಗೆ ಆ ವಿನಾಯಿತಿಯಿಲ್ಲ. ಸೇವೆಗಳಿಗೆ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟು. ಸಾಮಾನ್ಯ ನೋಂದಣಿಯಿರುವ ಛಾಯಾಗ್ರಾಹಕನು ಮುಂಗಡ ಕೈಸೇರಿದ ಅವಧಿಗೇ ಅದರ ಮೇಲಿನ ಶೇ. 18 ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಮದುವೆ ಆರು ತಿಂಗಳ ನಂತರವಿದ್ದರೂ. ದರವು ತೆರಿಗೆ ಸೇರಿದ್ದೋ ಪ್ರತ್ಯೇಕವೋ ಎಂಬುದನ್ನು ಮಾತಿನ ದಿನವೇ ಹೇಳದಿದ್ದರೆ 45,000ದ ಮುಂಗಡದಲ್ಲಿ ಸುಮಾರು 6,864 ರೂಪಾಯಿ ತನ್ನದಲ್ಲವೆಂಬುದು ತಡವಾಗಿ ಅರಿವಾಗುತ್ತದೆ. ಮುಂಗಡ ಪಡೆದಾಗ ಸ್ವೀಕೃತಿ ರಸೀತಿಯನ್ನೂ, ಬಿಲ್ಲು ಕೊಡುವ ಮುನ್ನವೇ ರದ್ದಾಗಿ ಹಣ ವಾಪಸಾದರೆ ಮರುಪಾವತಿ ರಸೀತಿಯನ್ನೂ ಕೊಡಬೇಕೆಂಬುದು ಜಿ.ಎಸ್.ಟಿ. ಕಾಯ್ದೆಯ ನಿಯಮ. ಉಳಿಸಿಕೊಂಡ ರದ್ದತಿ ಶುಲ್ಕದ ಮೇಲಿನ ತೆರಿಗೆಯ ಬಗ್ಗೆ 2022ರ ಆಗಸ್ಟ್ ತಿಂಗಳ ಸುತ್ತೋಲೆಯೊಂದಿದೆ; ಆ ಕುರಿತು ತಮ್ಮ ಲೆಕ್ಕ ಪರಿಶೋಧಕರನ್ನು ವಿಚಾರಿಸುವುದು ಒಳಿತು.

ನಗದಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. 2017ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾನೂನಿನಲ್ಲಿ ಬಂದ ನಿರ್ಬಂಧದಂತೆ, ಒಂದೇ ಸಮಾರಂಭಕ್ಕೆ ಸಂಬಂಧಿಸಿ ಒಬ್ಬ ವ್ಯಕ್ತಿಯಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಸ್ವೀಕರಿಸುವಂತಿಲ್ಲ. ಮೂರು ಕಂತಾಗಿ ಒಡೆದರೆ ತಪ್ಪಿಸಿಕೊಳ್ಳಬಹುದೆಂಬ ನಂಬಿಕೆ ತಪ್ಪು. ಸಮಾರಂಭ ಒಂದೇ ಆದುದರಿಂದ ಕಂತುಗಳೆಲ್ಲ ಒಟ್ಟುಗೂಡುತ್ತವೆ. ದಂಡವು ಪಡೆದ ಮೊತ್ತದಷ್ಟೇ. ಮುಂಗಡವನ್ನು ಯು.ಪಿ.ಐ. ಮೂಲಕ ಮನೆಯವರ ಖಾತೆಗೆ ಹಾಕಿಸಿಕೊಂಡು ಸುಮ್ಮನಿರುವವರಿಗೆ, 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಜಮೆಗಳ ಆಧಾರದಲ್ಲಿ ಸಣ್ಣ ವರ್ತಕರಿಗೆ ನೀಡಿದ ನೋಟಿಸುಗಳ ನೆನಪು ಇನ್ನೂ ಮಾಸಿರಲಾರದು. ಪ್ರತಿ ಜಮೆಗೂ ಎದುರಾಗಿ ಒಂದು ಆದೇಶ ಪತ್ರವಿದ್ದರೆ ಉತ್ತರ ಕೊಡುವುದು ಸುಲಭ.

ಸಮಾರಂಭ ನಿರ್ವಹಣಾ ಸಂಸ್ಥೆಗಳ ಮೂಲಕ ಕೆಲಸ ಮಾಡುವವರ ಕಥೆ ಬೇರೆ. ಅಲ್ಲಿ ಹಣ ಮದುವೆ ಮನೆಯಿಂದ ಸಂಸ್ಥೆಗೆ ಮೊದಲೇ ಬಂದಿರುತ್ತದೆ. ನಮಗೆ ಮಾತ್ರ "ಪಾರ್ಟಿ ಇನ್ನೂ ಕೊಟ್ಟಿಲ್ಲ" ಎಂಬ ಉತ್ತರ. ಉದ್ಯಮ್ ನೋಂದಣಿ ಮಾಡಿಸಿಕೊಂಡ ಕಿರು ಉದ್ಯಮಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ರಕ್ಷಣೆಯಿದೆ: ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರಿ ಪಾವತಿ ತಡೆಯುವಂತಿಲ್ಲ, ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಛಾಯಾಗ್ರಾಹಕರಲ್ಲಿ ಈ ನೋಂದಣಿಯನ್ನು ಸಾಲಕ್ಕೆ ಬೇಕಾದ ಕಾಗದವೆಂದು ಮಾತ್ರ ತಿಳಿದವರು ಹಲವರಿದ್ದಾರೆ.

ಇಷ್ಟೆಲ್ಲವನ್ನೂ ಒಬ್ಬನೇ ಜಾರಿಗೆ ತರಲು ಹೊರಟರೆ, ಪಕ್ಕದ ಬೀದಿಯ ಸ್ಟುಡಿಯೊದವನು ಐದು ಸಾವಿರ ಮುಂಗಡಕ್ಕೆ ಒಪ್ಪಿಕೊಂಡು ಗಿರಾಕಿಯನ್ನು ಕರೆದೊಯ್ಯುತ್ತಾನೆಂಬ ಭಯ ನಿಜವಾದುದು. ಈ ಭಯವೇ ನಮ್ಮನ್ನು ಇಷ್ಟು ವರ್ಷ ತಡೆದಿದೆ. ದರವನ್ನು ಎಲ್ಲರೂ ಸೇರಿ ನಿಗದಿಪಡಿಸಬೇಕೆಂದು ನಾನು ಹೇಳುತ್ತಿಲ್ಲ. ಸ್ಪರ್ಧಾ ಕಾಯ್ದೆಯ ದೃಷ್ಟಿಯಿಂದ ಅದು ತಪ್ಪಾಗುತ್ತದೆ, ಪ್ರತಿಭೆಗೆ ತಕ್ಕ ದರ ಇರುವುದೇ ನ್ಯಾಯ. ರದ್ದತಿ, ಮುಂದೂಡಿಕೆ, ಆಲ್ಬಮ್ಮಿನ ಗಡುವು, ಛಾಯಾಗ್ರಾಹಕ ತಪ್ಪಿದಾಗಿನ ಪರಿಹಾರ, ಚಿತ್ರಗಳ ಹಕ್ಕು, ಇವಿಷ್ಟನ್ನು ಒಳಗೊಂಡ ಒಂದು ಪುಟದ ಮಾದರಿ ಆದೇಶ ಪತ್ರವನ್ನು, ಮೊತ್ತ ಮತ್ತು ಶೇಕಡಾವಾರಿನ ಜಾಗಗಳನ್ನು ಖಾಲಿ ಬಿಟ್ಟು, ನಮ್ಮ ಸಂಸ್ಥೆಯು ವಕೀಲರೊಬ್ಬರ ಮತ್ತು ಲೆಕ್ಕ ಪರಿಶೋಧಕರೊಬ್ಬರ ನೆರವಿನಿಂದ ಸಿದ್ಧಪಡಿಸಿ ಕನ್ನಡದಲ್ಲಿ ಮುದ್ರಿಸಿದರೆ ಸಾಕು. ವಾಣಿಜ್ಯ ಸಂಸ್ಥೆಯ ಮೊಹರಿರುವ ನಮೂನೆಯನ್ನು ಗ್ರಾಹಕನೂ ಗೌರವದಿಂದ ಕಾಣುತ್ತಾನೆ. "ಇದು ನನ್ನ ಕರಾರಲ್ಲ, ಎಲ್ಲರದೂ ಇದೇ" ಎಂದು ಛಾಯಾಗ್ರಾಹಕನೂ ಸಂಕೋಚವಿಲ್ಲದೆ ಮುಂದಿಡಬಹುದು. ಆಷಾಢದಲ್ಲಿ ಕ್ಯಾಮೆರಾಗಳಿಗೆ ಹೇಗೂ ಬಿಡುವು. ಆ ತಿಂಗಳ ಒಂದು ಭಾನುವಾರ ಸಂಸ್ಥೆಯ ಸಭಾಂಗಣದಲ್ಲಿ ತಾಲ್ಲೂಕುಗಳ ಸ್ಟುಡಿಯೊ ಮಾಲೀಕರನ್ನೂ, ಕಲ್ಯಾಣ ಮಂಟಪ ಮತ್ತು ಅಡುಗೆ ಗುತ್ತಿಗೆಯ ಒಂದಿಬ್ಬರು ಅನುಭವಿಗಳನ್ನೂ ಕರೆದು ಕರಡನ್ನು ಚರ್ಚಿಸಿದರೆ, ಶ್ರಾವಣದ ಮೊದಲ ಮುಹೂರ್ತಕ್ಕೆ ನಮೂನೆ ಕೈಯಲ್ಲಿರುತ್ತದೆ. ಕರಡನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.